ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳು ಇನ್ನೂ ಬದುಕಿದ್ದಾರಾ? ಒಬ್ಬ ತಾಯಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆ. ಮಗ ವಾಯುಪಡೆಗೆ ಸೇರಿದ್ದಾನೆ. ಈಗ ಬೀದರ್‌ನಲ್ಲಿ ಹಾಕ್ ವಿಮಾನದಲ್ಲಿ ಫೈಟರ್ ತರಬೇತಿ ನಡೆಯುತ್ತಿದೆ. ಇಷ್ಟು ದಿನ ಮನೆಯವರೆಲ್ಲ ಖುಷಿಯಾಗಿದ್ದೆವು. ಹೋದ ತಿಂಗಳು ನಮ್ಮ ಅತ್ತೆಯವರ ಮೊಬೈಲಿಗೆ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಬಂತು. 1971ರ ಯುದ್ಧದಲ್ಲಿ ಕಾಣೆಯಾದ 54 ಪೈಲಟ್‌ಗಳು ಇವತ್ತಿಗೂ ಪಾಕಿಸ್ತಾನದ ಜೈಲಿನಲ್ಲಿ ಜೀವಂತ ಇದ್ದಾರೆ, ಅವರ ಮನೆಯವರಿಗೆ ಪಿಂಚಣಿ ಕೂಡ ಕೊಟ್ಟಿಲ್ಲ ಅಂತ ಅದರಲ್ಲಿತ್ತು. ಅತ್ತೆಗೆ ಈಗ 76. 1965ರಲ್ಲಿ ಅವರು ಮಡಿಕೇರಿಯಲ್ಲಿ ಹೈಸ್ಕೂಲು ಓದುತ್ತಿದ್ದರು. ಸ್ಕ್ವಾಡ್ರನ್ ಲೀಡರ್ ದೇವಯ್ಯ ವಾಪಸ್ ಬರಲಿಲ್ಲ ಅನ್ನುವ ಸುದ್ದಿ ಊರಲ್ಲಿ ಹರಡಿದ್ದು ಇನ್ನೂ ನೆನಪಿದೆಯಂತೆ. ವಿಡಿಯೊ ನೋಡಿದ ಮೇಲೆ ಸರಿಯಾಗಿ ನಿದ್ದೆ ಮಾಡುತ್ತಿಲ್ಲ. "ಮಗುವನ್ನು ವಾಪಸ್ ಕರೆಸು" ಅಂತ ದಿನಾ ಹೇಳುತ್ತಾರೆ. ನನಗೂ ಒಳಗೊಳಗೇ ಭಯ ಶುರುವಾಗಿದೆ. ಆ ವಿಡಿಯೊ ನಿಜವಾ? ಅಷ್ಟು ದೊಡ್ಡ ವಿಮಾನ, ಅದರಲ್ಲಿದ್ದ ಮನುಷ್ಯ, ಗುರುತೇ ಸಿಗದ ಹಾಗೆ ಮಾಯವಾಗುವುದು ಹೇಗೆ? ಅಂಥದ್ದು ಆದರೆ ಮನೆಯವರಿಗೆ ಇರುವ ದಾರಿ ಏನು?

ಉತ್ತರ: ನಾನು ವಾಯುಪಡೆಯಲ್ಲಿ ವೈದ್ಯನಾಗಿದ್ದವನು. ವಿಮಾನ ಬಿದ್ದ ಜಾಗಕ್ಕೆ ಹೋಗಿ, ಅಲ್ಲಿ ಸಿಕ್ಕಿದ್ದನ್ನು ನೋಡಿ, ಪೈಲಟ್‌ಗೆ ಏನಾಯಿತು ಅಂತ ಹೇಳುವುದು ನನ್ನ ಕೆಲಸದ ಒಂದು ಭಾಗವಾಗಿತ್ತು. ಆಮೇಲೆ ಅವರ ಮನೆಯವರ ಎದುರು ಕೂತು ಮಾತಾಡುವುದೂ ನನ್ನ ಪಾಲಿಗೇ ಬರುತ್ತಿತ್ತು. ಹಾಗಾಗಿ ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ ಮೂರು ಪ್ರಶ್ನೆಗಳ ಹಿಂದೆ ಇನ್ನೊಂದು ಇದೆ ಅನ್ನಿಸಿತು. ನಿಮ್ಮ ಮಗನಿಗೆ ಏನಾದರೂ ಆದರೆ ಅನ್ನುವುದು ಒಂದು ಭಯ. ಏನಾಯಿತು ಅಂತ ಗೊತ್ತೇ ಆಗದಿದ್ದರೆ ಅನ್ನುವುದು ಅದಕ್ಕಿಂತ ದೊಡ್ಡ ಭಯ. ಇವೆರಡನ್ನು ಬೇರೆ ಬೇರೆ ಮಾಡಿ ನೋಡೋಣ.

ಮೊದಲು ಆ ವಿಡಿಯೊ. ಅದರಲ್ಲಿ ನಿಜವೂ ಇದೆ, ಸುಳ್ಳೂ ಇದೆ. 1971ರ ಡಿಸೆಂಬರ್ ಯುದ್ಧದ ನಂತರ ನಮ್ಮ ಕಡೆಯ ಕೆಲವರು ವಾಪಸ್ ಬರಲಿಲ್ಲ, ಅವರ ಶವವೂ ಸಿಗಲಿಲ್ಲ, ಕೈದಿಗಳ ಪಟ್ಟಿಯಲ್ಲೂ ಅವರ ಹೆಸರು ಇರಲಿಲ್ಲ. '54 ಮಂದಿ' ಅಂತ ಹೆಸರಾಗಿದ್ದು ಅವರ ಪಟ್ಟಿಯೇ. ಆದರೆ 54 ಜನರೂ ಪೈಲಟ್‌ಗಳಲ್ಲ. ಅವರಲ್ಲಿ ಭೂಸೇನೆಯವರು ತುಂಬಾ ಜನ ಇದ್ದಾರೆ. ಪಟ್ಟಿ ಕೂಡ ಒಂದೇ ಇಲ್ಲ. 1979ರಲ್ಲಿ ಲೋಕಸಭೆಯಲ್ಲಿ ಸರ್ಕಾರ ಇಟ್ಟ ಪಟ್ಟಿಯಲ್ಲಿ 40 ಹೆಸರುಗಳಿದ್ದವು. ಇತ್ತೀಚಿನ ವರ್ಷಗಳಲ್ಲಿ ಸಂಸತ್ತಿಗೆ ಹೇಳಿದ ಸಂಖ್ಯೆ 83. ಇವರೆಲ್ಲ ಪಾಕಿಸ್ತಾನದ ವಶದಲ್ಲಿದ್ದಾರೆ ಎಂಬುದು ನಮ್ಮ ಸರ್ಕಾರದ ನಂಬಿಕೆ. ಪಾಕಿಸ್ತಾನ ಅದನ್ನು ಒಪ್ಪಿಲ್ಲ.

ಇವತ್ತಿಗೂ ಅವರೆಲ್ಲ ಜೀವಂತ ಇದ್ದಾರೆ ಅನ್ನುವುದಕ್ಕೆ ಯಾರ ಹತ್ತಿರವೂ ಆಧಾರ ಇಲ್ಲ. ಲೆಕ್ಕ ಹಾಕಿ ನೋಡಿ. ಆಗ 27 ವರ್ಷದ ಪೈಲಟ್‌ಗೆ ಈಗ 80 ದಾಟಿರುತ್ತದೆ. ಅರ್ಧ ಶತಮಾನ ಜೈಲಿನಲ್ಲಿ, ಹೆಸರಿಲ್ಲದೆ, ಸರಿಯಾದ ಔಷಧಿ ಇಲ್ಲದೆ ಒಬ್ಬ ಮನುಷ್ಯ ಬದುಕುವುದು ಎಷ್ಟು ಕಷ್ಟ ಅಂತ ವೈದ್ಯನಾಗಿ ನನಗೆ ಗೊತ್ತು. ಇದನ್ನು ಹೇಳುವಾಗ ನನಗೂ ನೋವಾಗುತ್ತದೆ. ಆದರೆ ಹೇಳದಿದ್ದರೆ ತಪ್ಪಾಗುತ್ತದೆ.

ಹಾಗಂತ 'ಅದೆಲ್ಲ ಬರೀ ಕಥೆ' ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಫ್ಲೈಟ್ ಲೆಫ್ಟಿನೆಂಟ್ ವಿಜಯ್ ವಸಂತ್ ತಾಂಬೆ ಅವರ ವಿಷಯ ತೆಗೆದುಕೊಳ್ಳಿ. ಸುಖೋಯ್-7 ಹಾರಿಸುತ್ತಿದ್ದವರು. 1971ರ ಡಿಸೆಂಬರ್ 5ರಂದು ಪಾಕಿಸ್ತಾನದ ಶೋರ್ಕೋಟ್ ರೋಡ್ ಅನ್ನುವ ಜಾಗದ ಹತ್ತಿರ ಅವರ ವಿಮಾನ ಉರುಳಿತು. ಯುದ್ಧದ ಆ ಮೊದಲ ದಿನಗಳಲ್ಲೇ, ಆಗ ಪೂರ್ವ ಪಾಕಿಸ್ತಾನದಲ್ಲಿದ್ದ ಢಾಕಾದ ಒಂದು ಇಂಗ್ಲಿಷ್ ಪತ್ರಿಕೆ, ಐವರು ಭಾರತೀಯ ಪೈಲಟ್‌ಗಳು ಸೆರೆ ಸಿಕ್ಕಿದ್ದಾರೆ ಅಂತ ಬರೆಯಿತು. ಅದರಲ್ಲಿ 'ಟೋಂಬೆ' ಅಂತ ಒಂದು ಹೆಸರಿತ್ತು. ಅವರ ಪತ್ನಿ ದಮಯಂತಿ ತಾಂಬೆ, ಬ್ಯಾಡ್ಮಿಂಟನ್‌ನಲ್ಲಿ ದೇಶದ ಚಾಂಪಿಯನ್. ಮದುವೆಯಾಗಿ ಒಂದೂವರೆ ವರ್ಷವಷ್ಟೇ ಆಗಿತ್ತು. ಆ ಒಂದು ಹೆಸರನ್ನು ಹಿಡಿದುಕೊಂಡು ಅವರು ದಶಕಗಟ್ಟಲೆ ಕಚೇರಿಗಳ ಬಾಗಿಲು ತಟ್ಟಿದರು. ಅಚ್ಚಿನಲ್ಲಿ ಬಂದ ಹೆಸರನ್ನು ನೋಡಿದ ಹೆಂಡತಿಗೆ 'ಮರೆತುಬಿಡಿ' ಅನ್ನುವ ಹಕ್ಕು ಯಾರಿಗೂ ಇಲ್ಲ. ಭೂಸೇನೆಯ ಮೇಜರ್ ಎ.ಕೆ. ಘೋಷ್ ಅವರದು ಇನ್ನೊಂದು ಉದಾಹರಣೆ. 1971ರ ಡಿಸೆಂಬರ್ ಕೊನೆಯಲ್ಲಿ ಟೈಮ್ ಪತ್ರಿಕೆ ಒಬ್ಬ ಭಾರತೀಯ ಕೈದಿಯ ಫೋಟೊ ಹಾಕಿತ್ತು. ಕಂಬಿಯ ಹಿಂದೆ ಇದ್ದ ಆ ಮುಖ ನಮ್ಮವರದೇ ಅಂತ ಅವರ ಮನೆಯವರು ಗುರುತಿಸಿದರು. ಅವರೂ ವಾಪಸ್ ಬರಲಿಲ್ಲ.

ನಾನು ಹೇಳುವುದು ಇಷ್ಟು. 54 ಅನ್ನುವುದು ಒಂದೇ ಕಥೆಯಲ್ಲ, 54 ಬೇರೆ ಬೇರೆ ಕಥೆಗಳು. ಕೆಲವರು ವಿಮಾನ ನೆಲಕ್ಕೆ ಬಡಿದ ಕ್ಷಣದಲ್ಲೇ ಹೋಗಿರಬಹುದು. ಕೆಲವರು ಜೀವಂತ ಇಳಿದು, ಆಮೇಲೆ ತೀರಿಕೊಂಡಿರಬಹುದು. ಕೆಲವರು ನಿಜವಾಗಿ ಕೈದಿಗಳಾಗಿದ್ದಿರಬಹುದು. ಎಲ್ಲರನ್ನೂ ಒಂದೇ ವಿಡಿಯೊದಲ್ಲಿ ತುಂಬಿ 'ಎಲ್ಲರೂ ಬದುಕಿದ್ದಾರೆ' ಅಂದರೆ, ನಿಜವಾದ ಸಾಕ್ಷಿ ಇರುವವರ ಮಾತಿಗೂ ಬೆಲೆ ಇಲ್ಲದ ಹಾಗಾಗುತ್ತದೆ. ನನಗೆ ಸಿಟ್ಟು ಬರುವುದು ಅಲ್ಲಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಅಷ್ಟು ದೊಡ್ಡ ವಿಮಾನ ಮಾಯವಾಗುವುದು ಹೇಗೆ?

ನಿಮ್ಮ ಅತ್ತೆಯವರಿಗೆ ಗೊತ್ತಿರುವ ಕಥೆಯಿಂದಲೇ ಶುರು ಮಾಡುತ್ತೇನೆ. 1965ರ ಸೆಪ್ಟೆಂಬರ್ 7ರ ಬೆಳಿಗ್ಗೆ ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಅಜ್ಜಮಾಡ ಬೋಪಯ್ಯ ದೇವಯ್ಯ ಅವರು ಆ ದಿನ ಸ್ಟ್ಯಾಂಡ್‌ಬೈ, ಅಂದರೆ ಯಾರಾದರೂ ಹೋಗಲಾಗದಿದ್ದರೆ ಮಾತ್ರ ಹೊರಡಬೇಕಿದ್ದವರು. ಹೊರಟರು. ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಅವರ ಮೇಲೆ ಎರಗಿತು. ಅದು ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರುವ ವಿಮಾನ. ನೇರ ಹಾರಾಟದಲ್ಲಿ ಮಿಸ್ಟೇರ್‌ಗೆ ಶಬ್ದದ ವೇಗವೂ ಬರುತ್ತಿರಲಿಲ್ಲ. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಏಟು ತಿಂದ ವಿಮಾನದಲ್ಲೇ ಅವರು ತಿರುಗಿ ನಿಂತು ಹೋರಾಡಿದರು. ಸ್ಟಾರ್‌ಫೈಟರ್ ಬಿತ್ತು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ವಾಪಸ್ ಬರಲಿಲ್ಲ.

ಈ ಹೋರಾಟವನ್ನು ನಮ್ಮ ಕಡೆಯವರು ಒಬ್ಬರೂ ನೋಡಿರಲಿಲ್ಲ. ದಾಳಿ ಮುಗಿಸಿ ಉಳಿದವರು ಬಂದಾಗ ಗೊತ್ತಾಗಿದ್ದು ಇಷ್ಟೇ, ಒಬ್ಬರು ಕಡಿಮೆ ಇದ್ದಾರೆ. ಅವರ ಹೆಸರಿನ ಮುಂದೆ 'ಕಾಣೆ' ಅಂತ ಬರೆದರು. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಆ ಯುದ್ಧದ ಬಗ್ಗೆ ಬರೆದ ಪುಸ್ತಕ ಬಂತು. ಅದರಲ್ಲಿ ಈ ಹೋರಾಟದ ವಿವರ ಇತ್ತು. ಅಂದು ದಾಳಿಯ ಮುಂದಾಳಾಗಿದ್ದ ಒ.ಪಿ. ತನೇಜಾ ಅವರು ಅದನ್ನು ಹಿಡಿದು ಸರ್ಕಾರಕ್ಕೆ ಬರೆದರು. 1988ರಲ್ಲಿ, 23 ವರ್ಷದ ನಂತರ, ದೇವಯ್ಯನವರಿಗೆ ಮಹಾವೀರ ಚಕ್ರ ಬಂತು. ಅವರ ದೇಹವನ್ನು ಅಲ್ಲಿನ ಹಳ್ಳಿಯವರು ಹೊಲದಲ್ಲೇ ಮಣ್ಣು ಮಾಡಿದ್ದರು ಅನ್ನುವುದೂ ಆಮೇಲೆ ತಿಳಿದುಬಂತು.

ನೋಡಿ, ಆ 23 ವರ್ಷ ನಮಗೆ ಅವರು 'ಕಾಣೆ'. ಆದರೆ ಅವರನ್ನು ಮಣ್ಣು ಮಾಡಿದ ರೈತನಿಗೆ ಅವರು ಕಾಣೆಯಾಗಿರಲಿಲ್ಲ. ಅವರೊಂದಿಗೆ ಹೋರಾಡಿದ ಪೈಲಟ್‌ಗೂ ಕಾಣೆಯಾಗಿರಲಿಲ್ಲ. ನನ್ನ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ. ಪೈಲಟ್ ಕಾಣೆ ಅಂದರೆ ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ ಅಂತ ಅಲ್ಲ. ಗೊತ್ತಿರುವವರು ಎಲ್ಲೋ ಇದ್ದಾರೆ, ಅವರಿಗೂ ನಮಗೂ ನಡುವೆ ಒಂದು ಗಡಿ ಇದೆ ಅಂತ.

ನಮ್ಮ ನೆಲದ ಮೇಲೇ ಹೀಗಾಗಿದ್ದನ್ನು ನೋಡಿದ್ದೇನೆ. ಒಮ್ಮೆ ತರಬೇತಿ ವಿಮಾನವೊಂದು ಜೋಳದ ಹೊಲದಲ್ಲಿ ಬಿದ್ದಿತ್ತು. ಮೂರು ದಿನ ಹುಡುಕಿದೆವು. ಮೂರನೇ ದಿನ ಸಂಜೆ ಒಬ್ಬ ರೈತ ನನ್ನನ್ನು ಪಕ್ಕಕ್ಕೆ ಕರೆದು, ಪಂಚೆಯ ಗಂಟಿನಿಂದ ಒಂದು ಕೈಗಡಿಯಾರ ತೆಗೆದುಕೊಟ್ಟ. "ಪೊಲೀಸರಿಗೆ ಕೊಡಲು ಹೆದರಿಕೆಯಾಯಿತು. ನೀವು ಡಾಕ್ಟರ್ ಅಂದರು, ಅದಕ್ಕೇ ನಿಮ್ಮ ಕೈಗೆ" ಅಂದ. ಅದು ಸಿಕ್ಕ ಜಾಗವನ್ನೂ ತೋರಿಸಿದ. ಉಳಿದದ್ದು ಅಲ್ಲೇ ಸುತ್ತಮುತ್ತ ಸಿಕ್ಕಿತು. ನಮ್ಮದೇ ಭಾಷೆ ಆಡುವ ರೈತ, ಮೂರು ದಿನ ಸುಮ್ಮನಿದ್ದ. ಶತ್ರು ದೇಶದ ಹಳ್ಳಿಯಲ್ಲಿ, ಯುದ್ಧ ನಡೆಯುವಾಗ, ಯಾರು ಯಾರಿಗೆ ಹೇಳಿಯಾರು?

ಇನ್ನು ವಿಮಾನದ ವಿಷಯ. ದಾಳಿಗೆ ಹೋಗುವ ವಿಮಾನ ರಾಡಾರ್ ಕಣ್ಣಿಗೆ ಬೀಳಬಾರದು ಅಂತ ಮರದ ತುದಿಗೆ ತಾಗುವಷ್ಟು ಕೆಳಗೆ ಹಾರುತ್ತದೆ. ಗಂಟೆಗೆ 900 ಕಿಲೋಮೀಟರ್ ಅಂದರೆ ಸೆಕೆಂಡಿಗೆ 250 ಮೀಟರ್. ಪಕ್ಕದ ವಿಮಾನದವನು ತನ್ನ ಗುರಿಯ ಕಡೆ ಹತ್ತು ಸೆಕೆಂಡು ನೋಡಿ ತಿರುಗುವಷ್ಟರಲ್ಲಿ ಎರಡೂವರೆ ಕಿಲೋಮೀಟರ್ ದಾಟಿರುತ್ತದೆ. ಶತ್ರುವಿಗೆ ಸುಳಿವು ಸಿಗಬಾರದು ಅಂತ ರೇಡಿಯೊದಲ್ಲಿ ಮಾತೂ ಇರುವುದಿಲ್ಲ. ಹೊಗೆ, ಧೂಳು, ಕೆಳಗಿನಿಂದ ಗುಂಡು. ಗೆಳೆಯ ಬಿದ್ದನಾ, ಜಿಗಿದನಾ, ಬೇರೆ ದಾರಿಯಲ್ಲಿ ಹೋದನಾ? ವಾಪಸ್ ಬಂದವರು ಎಷ್ಟೋ ಸಲ ಹೇಳಿದ್ದು ಒಂದೇ ಮಾತು, "ಒಂದು ಬೆಳಕು ನೋಡಿದೆ, ಆಮೇಲೆ ಗೊತ್ತಿಲ್ಲ."

ಆ ವೇಗದಲ್ಲಿ ಮೆದು ಮಣ್ಣಿಗೆ ಬಡಿದ ವಿಮಾನ ನೆಲದೊಳಗೆ ಇಳಿದುಬಿಡುತ್ತದೆ. ಮೇಲೆ ಒಂದು ಗುಂಡಿ, ಸ್ವಲ್ಪ ತಗಡು, ಸುಟ್ಟ ಹುಲ್ಲು. ಎರಡು ಮಳೆಗಾಲ ಕಳೆದರೆ ಅದೂ ಇಲ್ಲ. ಯುದ್ಧ ಇಲ್ಲದಾಗಲೂ, ನಮ್ಮದೇ ಜಾಗದಲ್ಲೂ ಇದು ಎಷ್ಟು ಕಷ್ಟ ಗೊತ್ತಾ? 1968ರ ಫೆಬ್ರವರಿಯಲ್ಲಿ ಚಂಡೀಗಢದಿಂದ ಲೇಹ್‌ಗೆ ಹೊರಟ ವಾಯುಪಡೆಯ ಆಂಟೊನೊವ್-12 ವಿಮಾನ 102 ಜನರ ಸಮೇತ ಹಿಮಾಲಯದಲ್ಲಿ ಕಾಣೆಯಾಯಿತು. ಅದರ ಸುಳಿವು ಸಿಕ್ಕಿದ್ದು 2003ರಲ್ಲಿ. 2024ರಲ್ಲಿ, ಅಂದರೆ 56 ವರ್ಷದ ಮೇಲೆ, ಇನ್ನೂ ನಾಲ್ವರ ದೇಹ ಹಿಮದಲ್ಲಿ ಸಿಕ್ಕಿತು. 2016ರಲ್ಲಿ ಬಂಗಾಳ ಕೊಲ್ಲಿಯ ಮೇಲೆ 29 ಜನರೊಂದಿಗೆ ಮರೆಯಾದ ಆಂಟೊನೊವ್-32ರ ಚೂರುಗಳು 2024ರ ಜನವರಿಯಲ್ಲಿ ಗೊತ್ತಾದವು, ಸಮುದ್ರದೊಳಗೆ 3,400 ಮೀಟರ್ ಆಳದಲ್ಲಿ. ನಮ್ಮದೇ ಜಾಗದಲ್ಲೇ ಇಷ್ಟು ವರ್ಷ ಹಿಡಿಯಿತು. ಗಡಿಯ ಆಚೆ ಬಿದ್ದಿದ್ದಕ್ಕೆ ಹುಡುಕಲು ಹೋಗುವ ಅವಕಾಶವೇ ಇರುವುದಿಲ್ಲ.

ಪ್ಯಾರಾಚೂಟ್‌ನಲ್ಲಿ ಇಳಿದವನ ಕಥೆ ಬೇರೆ. ಅವನು ಜೀವಂತ ಇದ್ದಾನೆ, ಆದರೆ ಇನ್ನೂ ಯಾರ ಲೆಕ್ಕದಲ್ಲೂ ಇಲ್ಲ. ನನ್ನ ಪ್ರಕಾರ ತುಂಬಾ ಅಪಾಯದ ಹೊತ್ತು ಅದೇ. ಫ್ಲೈಟ್ ಲೆಫ್ಟಿನೆಂಟ್ ಜೆ.ಎಲ್. ಭಾರ್ಗವ ಅವರಿಗೆ ಆಗಿದ್ದು ಕೇಳಿ. ಅವರು ಹಾರಿಸುತ್ತಿದ್ದುದು ಮಾರುತ್, ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮಾಡಿದ ಜೆಟ್. 1971ರ ಡಿಸೆಂಬರ್ 5ರಂದು ಸಿಂಧ್ ಮರುಭೂಮಿಯಲ್ಲಿ ಜಿಗಿಯಬೇಕಾಯಿತು. ಎದುರಿಗೆ ಬಂದ ಹಳ್ಳಿಯವರಿಗೆ ತಾನು ಪಾಕಿಸ್ತಾನದ ಪೈಲಟ್ ಮನ್ಸೂರ್ ಅಲಿ ಖಾನ್ ಅಂದರು. ಕೆಲವು ಗಂಟೆ ನಂಬಿದರು ಕೂಡ. ಕೊನೆಗೆ ಕಲ್ಮಾ, ಅಂದರೆ ಮುಸ್ಲಿಮರು ತಮ್ಮ ನಂಬಿಕೆ ಸಾರುವ ವಾಕ್ಯ, ಹೇಳು ಅಂದಾಗ ಗೊತ್ತಾಗಿ ಸಿಕ್ಕಿಬಿದ್ದರು. ಒಂದು ವರ್ಷದ ನಂತರ ಉಳಿದ ಕೈದಿಗಳ ಜೊತೆ ಮನೆಗೆ ಬಂದರು. ನಾನು ಈ ಕಥೆಯನ್ನು ಬೇರೆ ಥರ ಯೋಚಿಸುತ್ತೇನೆ. ಆ ಹೊತ್ತಿನಲ್ಲಿ ಅವರಿಗೆ ಏನಾದರೂ ಆಗಿದ್ದರೆ? ಇಲ್ಲಿನ ಕಾಗದದಲ್ಲಿ ಕಾಣೆ. ಅಲ್ಲಿನ ಹಳ್ಳಿಯಲ್ಲಿ ಮನ್ಸೂರ್ ಅಲಿ ಖಾನ್ ಹೆಸರಿನ ಒಂದು ಗೋರಿ. ಎರಡನ್ನೂ ಜೋಡಿಸುವವರು ಯಾರು?

ಇಳಿದ ಪೈಲಟ್ ಸೈನ್ಯದ ಕೈಗೆ ಸಿಕ್ಕಿದರೆ ಬದುಕುವ ಸಾಧ್ಯತೆ ಜಾಸ್ತಿ. ಸಿಟ್ಟಿಗೆದ್ದ ಜನರ ಕೈಗೆ ಸಿಕ್ಕಿದರೆ ಹೇಳಲಾಗದು. 2019ರಲ್ಲಿ ಅಭಿನಂದನ್ ಅವರನ್ನು ಮೊದಲು ಹೊಡೆದಿದ್ದು ಊರವರು. ಸೈನಿಕರು ಬಂದು ಬಿಡಿಸಿದರು.

ಒಮ್ಮೆ ಲೆಕ್ಕಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. 1949ರ ಮೂರನೇ ಜಿನೀವಾ ಒಪ್ಪಂದದ ಪ್ರಕಾರ ಕೈದಿ ಹೇಳಬೇಕಾದದ್ದು ಹೆಸರು, ಹುದ್ದೆ, ಹುಟ್ಟಿದ ದಿನ, ಸರ್ವಿಸ್ ನಂಬರ್ ಅಷ್ಟೆ. ಹಿಡಿದವರು ಅವನ ವಿವರವನ್ನು ರೆಡ್‌ಕ್ರಾಸ್ ಮೂಲಕ ತಲುಪಿಸಬೇಕು. ಶಿಬಿರಕ್ಕೆ ಬಂದ ಒಂದು ವಾರದೊಳಗೆ ಮನೆಗೆ ಒಂದು ಕಾರ್ಡ್ ಬರೆಯಲು ಬಿಡಬೇಕು. ಯುದ್ಧ ನಿಂತ ಮೇಲೆ ತಡಮಾಡದೆ ಕಳಿಸಬೇಕು. ಆ ಕಾರ್ಡ್ ಒಂದು ಬಂದರೆ ಸಾಕು, ಆಮೇಲೆ ಅವನನ್ನು ಇಲ್ಲ ಅನ್ನುವುದು ಕಷ್ಟ.

ಇದಕ್ಕೂ ನಿಮ್ಮ ಕೊಡಗಿನಲ್ಲೇ ಉದಾಹರಣೆ ಇದೆ. ಅದೇ 1965ರ ಸೆಪ್ಟೆಂಬರ್. ದೇವಯ್ಯ ಹೋಗಿ ಎರಡು ವಾರವಾಗಿತ್ತು. 22ನೇ ತಾರೀಕು ಹಂಟರ್ ವಿಮಾನದಿಂದ ಕೆ.ಸಿ. ಕಾರ್ಯಪ್ಪ ಜಿಗಿದರು. ಬೆನ್ನುಮೂಳೆಗೆ ಪೆಟ್ಟಾಯಿತು, ಸೆರೆ ಸಿಕ್ಕಿದರು. ಅವರು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಅಂತ ತಿಳಿದ ತಕ್ಷಣ ಪಾಕಿಸ್ತಾನದ ರೇಡಿಯೊ ಅದನ್ನು ಹೇಳಿತು. ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮೊದಲು ಕಾರ್ಯಪ್ಪನವರ ಜೊತೆ ಕೆಲಸ ಮಾಡಿದವರು. ಮಗನನ್ನು ಬಿಟ್ಟುಕೊಡುವ ಮಾತು ಕಳಿಸಿದರು. ತಂದೆ ಒಪ್ಪಲಿಲ್ಲ. ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ಥರ ನೋಡಿಕೊಳ್ಳಿ ಅಂದರು. ಸುಮಾರು ನಾಲ್ಕು ತಿಂಗಳ ನಂತರ ಮಗ ಎಲ್ಲರ ಜೊತೆಗೇ ಬಂದರು. ಒಂದೇ ಜಿಲ್ಲೆ, ಒಂದೇ ಯುದ್ಧ, ಒಂದೇ ತಿಂಗಳು. ಒಂದು ಮನೆಗೆ ಹೆಸರು ರೇಡಿಯೊದಲ್ಲಿ ಬಂತು. ಇನ್ನೊಂದು ಮನೆಗೆ ಏನೂ ಬರಲಿಲ್ಲ. ನಿಮ್ಮ ಅತ್ತೆಯವರ ನಿದ್ದೆ ಕೆಡಿಸಿದ್ದು ಆ ಎರಡನೇ ಮನೆಯ ನೆನಪು ಅನ್ನಿಸುತ್ತದೆ.

ಮೂರನೇ ಪ್ರಶ್ನೆ, ಮನೆಯವರಿಗೆ ಇರುವ ದಾರಿ.

ಪಿಂಚಣಿ ಕೊಡುವುದಿಲ್ಲ ಅನ್ನುವುದು ತಪ್ಪು. ಶವ ಸಿಗಲಿಲ್ಲ ಅಂತ ಕುಟುಂಬವನ್ನು ಸುಮ್ನೆ ಬಿಟ್ಟುಬಿಡುವುದಿಲ್ಲ. ಕಾಣೆ ಅಂತ ದಾಖಲಾಗಿ ಒಂದು ಅವಧಿ ಕಳೆದ ಮೇಲೆ ಕುಟುಂಬ ಪಿಂಚಣಿ ಸಿಗುತ್ತದೆ. ಮುಂದೆ ಅವರು ಮರಳಿ ಬಂದರೆ ಲೆಕ್ಕ ಸರಿಮಾಡಿಕೊಡುತ್ತೇವೆ ಅಂತ ಮುಚ್ಚಳಿಕೆ ಬರೆದುಕೊಡಬೇಕಾಗುತ್ತದೆ. ಆಸ್ತಿ, ವಿಮೆಯಂಥ ವಿಷಯಗಳಿಗೆ ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಏಳು ವರ್ಷದ ಲೆಕ್ಕ ಇದೆ. ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಯಾವ ಸುದ್ದಿಯೂ ಬರದಿದ್ದರೆ, ಆ ವ್ಯಕ್ತಿ ಬದುಕಿದ್ದಾರೆ ಅನ್ನುವವರೇ ಅದನ್ನು ತೋರಿಸಬೇಕು.

ಕಾಗದದ ಕೆಲಸ ಹೇಗೋ ಆಗುತ್ತದೆ. ಕಷ್ಟ ಇರುವುದು ಮನಸ್ಸಿನದು. ನಮ್ಮ ಸಂಪ್ರದಾಯದಲ್ಲೂ ಇದಕ್ಕೆ ಯೋಚನೆ ಮಾಡಿದ್ದಾರೆ. ಹನ್ನೆರಡು ವರ್ಷ ಕಾದು, ದರ್ಭೆಯಲ್ಲೋ ಮುತ್ತುಗದ ಎಲೆಯಲ್ಲೋ ಆಕೃತಿ ಮಾಡಿ ಕ್ರಿಯೆ ಮಾಡುವ ಪದ್ಧತಿ ಹಲವು ಕಡೆ ಇದೆ. ಕೆಲವು ಕುಟುಂಬಗಳಿಗೆ ಅದರಿಂದ ಸಮಾಧಾನ ಸಿಕ್ಕಿದ್ದನ್ನು ನೋಡಿದ್ದೇನೆ. ಕೆಲವರಿಗೆ ಅದು, ಬದುಕಿರುವ ಮಗನಿಗೆ ತಾವೇ ಎಳ್ಳುನೀರು ಬಿಟ್ಟ ಹಾಗಾಗಿ, ಇನ್ನೂ ದೊಡ್ಡ ನೋವಾಯಿತು. ಒಬ್ಬ ತಾಯಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, "ಅವನ ಶೂ ಸಿಕ್ಕಿತಾ ಡಾಕ್ಟ್ರೇ?" ಸಿಕ್ಕಿರಲಿಲ್ಲ. ಶೂ ಹಾಕಿಕೊಂಡು ಎಲ್ಲೋ ನಡೆಯುತ್ತಿದ್ದಾನೆ ಅಂತ ಅವರು ವರ್ಷಗಟ್ಟಲೆ ನಂಬಿದ್ದರು. ಅಮೆರಿಕದ ಪಾಲಿನ್ ಬಾಸ್ ಅನ್ನುವ ತಜ್ಞೆ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಕುಟುಂಬಗಳನ್ನೇ ಅಧ್ಯಯನ ಮಾಡಿದರು. ಮನುಷ್ಯ ಇಲ್ಲ, ಆದರೆ ಹೋಗಿಲ್ಲ. ಅಂಥ ಮುಗಿಯದ ಅಗಲಿಕೆ ಒಂದು ಕಾಯಿಲೆಯಲ್ಲ, ಕಾಯುವವರ ದೌರ್ಬಲ್ಯವೂ ಅಲ್ಲ ಅಂತ ಅವರು ತೋರಿಸಿಕೊಟ್ಟರು. ಆದ್ದರಿಂದ ಇಷ್ಟು ವರ್ಷದೊಳಗೆ ಒಪ್ಪಿಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಇನ್ನೊಂದು ದಾರಿ, ದನಿ ಎತ್ತುವುದು. ಅದೇ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸರ್ಕಾರ ಕೈದಿಗಳ ಹೆಂಡತಿಯರಿಗೆ ಮೊದಲು ಹೇಳಿದ್ದು, ಸುಮ್ಮನಿರಿ ಅಂತ. ಮಾತಾಡಿದರೆ ಅಲ್ಲಿ ಅವರಿಗೆ ತೊಂದರೆ ಅನ್ನುವ ಕಾರಣ. 1965ರಲ್ಲಿ ಸೆರೆಯಾದ ನೌಕಾಪಡೆಯ ಪೈಲಟ್ ಜೇಮ್ಸ್ ಸ್ಟಾಕ್‌ಡೇಲ್ ಅವರ ಪತ್ನಿ ಸಿಬಿಲ್ ಆ ಮಾತನ್ನು ಮೀರಿ ಉಳಿದ ಹೆಂಗಸರನ್ನು ಒಟ್ಟುಗೂಡಿಸಿದರು. 1969ರಲ್ಲಿ ಸರ್ಕಾರವೂ ನಿಲುವು ಬದಲಿಸಿತು. ವಿಷಯ ಬಯಲಾದ ಮೇಲೆ ಕೈದಿಗಳನ್ನು ನಡೆಸಿಕೊಳ್ಳುವ ರೀತಿ ಸುಧಾರಿಸಿತು. 1973ರಲ್ಲಿ 591 ಜನ ಮನೆಗೆ ಬಂದರು. ನಮ್ಮಲ್ಲೂ 1999ರಲ್ಲಿ ಕಾರ್ಗಿಲ್‌ನಲ್ಲಿ ಸೆರೆ ಸಿಕ್ಕ ನಚಿಕೇತ ಎಂಟು ದಿನದಲ್ಲಿ, 2019ರಲ್ಲಿ ಅಭಿನಂದನ್ ಮೂರನೇ ದಿನ ವಾಪಸ್ ಬಂದರು. ಇಬ್ಬರ ಹೆಸರೂ ಇಡೀ ಜಗತ್ತಿಗೆ ಗೊತ್ತಾಗಿತ್ತು.

ಆದರೆ ದನಿ ಎತ್ತಿದ ಕಡೆ ಮೋಸಗಾರರೂ ಬರುತ್ತಾರೆ. 1991ರಲ್ಲಿ ಮೂವರು ಅಮೆರಿಕನ್ ಪೈಲಟ್‌ಗಳು ಇನ್ನೂ ಸೆರೆಯಲ್ಲಿದ್ದಾರೆ ಅಂತ ಒಂದು ಫೋಟೊ ಹೊರಬಂತು. ಮನೆಯವರು ಅದು ನಮ್ಮವರೇ ಅಂದರು. ಕೊನೆಗೆ ನೋಡಿದರೆ ಅದು ಒಂದು ಸೋವಿಯತ್ ಪತ್ರಿಕೆಯಲ್ಲಿ ಬಂದಿದ್ದ 1923ರ ಫೋಟೊ, ಅದರಲ್ಲಿದ್ದವರು ಅಲ್ಲಿನ ರೈತರು, ಮೇಲೆ ತಿದ್ದಿದ್ದರು. ಕಾಯುತ್ತಿರುವ ಕಣ್ಣಿಗೆ ಎಲ್ಲ ಮುಖದಲ್ಲೂ ತನ್ನವರೇ ಕಾಣುತ್ತಾರೆ. ನಿಮ್ಮ ಅತ್ತೆಯವರಿಗೆ ಬಂದ ವಿಡಿಯೊ ಮಾಡುವವರು ನಂಬಿಕೊಂಡಿರುವುದೂ ಇದನ್ನೇ.

ನಮ್ಮ 1971ರ ಕುಟುಂಬಗಳಿಗೆ ದನಿ ಎತ್ತಿಯೂ ಉತ್ತರ ಸಿಗಲಿಲ್ಲ. ಆಗ ನಮ್ಮ ಕೈಯಲ್ಲಿ ಪಾಕಿಸ್ತಾನದ ಸುಮಾರು 93,000 ಕೈದಿಗಳಿದ್ದರು. ಅವರನ್ನು ಕಳಿಸುವ ಮೊದಲು ನಮ್ಮವರ ಲೆಕ್ಕ ಕೇಳಬೇಕಿತ್ತು ಅನ್ನುವುದು ಆ ಕುಟುಂಬಗಳ ನೋವು. ಅದು ನ್ಯಾಯವಾದ ಮಾತು ಅಂತಲೇ ನಾನೂ ಭಾವಿಸುತ್ತೇನೆ. 1972ರ ಡಿಸೆಂಬರ್‌ನಲ್ಲಿ ನಮ್ಮ ಆರುನೂರಕ್ಕೂ ಹೆಚ್ಚು ಕೈದಿಗಳು ಬಂದರು. ಅವರಲ್ಲಿ ಇವರು ಇರಲಿಲ್ಲ. 1983ರಲ್ಲಿ ಆರು ಮಂದಿ, 2007ರಲ್ಲಿ 14 ಮಂದಿ ಸಂಬಂಧಿಕರು ಪಾಕಿಸ್ತಾನದ ಜೈಲುಗಳಿಗೇ ಹೋಗಿ ಬಂದರು. ಬರಿಗೈಯಲ್ಲಿ ಬಂದರು. ವಿಷಯವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯಿರಿ ಅಂತ 2011ರಲ್ಲಿ ಗುಜರಾತ್ ಹೈಕೋರ್ಟ್ ಹೇಳಿತು. ಕೇಂದ್ರ ಸರ್ಕಾರ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು.

ಉಳಿದಿರುವುದು ವಿಜ್ಞಾನದ ದಾರಿ. ನನಗೆ ಜಾಸ್ತಿ ನಂಬಿಕೆ ಇರುವುದು ಇದರಲ್ಲಿ. ಅಮೆರಿಕದ ಪೈಲಟ್ ಮೈಕಲ್ ಬ್ಲಾಸಿ 1972ರಲ್ಲಿ ವಿಯೆಟ್ನಾಂನಲ್ಲಿ ಬಿದ್ದರು. ಕೆಲವು ಮೂಳೆ ಸಿಕ್ಕಿತು. ಮೂಳೆ ನೋಡಿ ಅಂದಾಜು ಮಾಡಿದ ವಯಸ್ಸು, ಎತ್ತರ ಹೊಂದಲಿಲ್ಲ ಅಂತ ಅವರದಲ್ಲ ಅಂದರು. 1984ರಲ್ಲಿ ಆ ಮೂಳೆಗಳನ್ನು 'ಗುರುತಿಲ್ಲದ ಸೈನಿಕ' ಅಂತ ದೊಡ್ಡ ಗೌರವದಿಂದ ಅಲ್ಲಿನ ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಇಟ್ಟರು. ಮನೆಯವರು ಬಿಡಲಿಲ್ಲ. 1998ರಲ್ಲಿ ಗೋರಿ ತೆರೆದು ಡಿಎನ್‌ಎ ನೋಡಿದರು. ಬ್ಲಾಸಿ ಅವರೇ. ತಾಯಿಯ ಕಡೆಯಿಂದ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ಹಳೇ ಮೂಳೆಯಲ್ಲೂ ಉಳಿದಿರುತ್ತದೆ. ತಾಯಿ, ಅಕ್ಕತಂಗಿಯರು, ತಾಯಿಯ ಒಡಹುಟ್ಟಿದ ಚಿಕ್ಕಮ್ಮ ದೊಡ್ಡಮ್ಮ, ಯಾರ ರಕ್ತವಾದರೂ ಆಗುತ್ತದೆ. ನಮ್ಮ ಕಾಣೆಯಾದವರ ಆ ತಲೆಮಾರಿನ ಹೆಂಗಸರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಮಾದರಿ ತೆಗೆದಿಡಬೇಕು. ಇಲ್ಲಿ ಬರಬಹುದಾದ ನೋವು ಎಂದರೆ, ಉತ್ತರ ಸಿಕ್ಕಾಗ ಅದು ಸಾವಿನ ಉತ್ತರವೇ ಆಗಿರುತ್ತದೆ. ಅದಕ್ಕೆ ಮನೆಯವರೆಲ್ಲ ತಯಾರಿದ್ದಾರಾ ಅಂತ ಮೊದಲೇ ಕೇಳಿಕೊಳ್ಳಬೇಕು.

ಈಗ ನಿಮ್ಮ ಮನೆಗೆ ಬರೋಣ. ನಿಮ್ಮ ಮಗ ಯುದ್ಧಕ್ಕೆ ಹೋಗಿಲ್ಲ, ತರಬೇತಿಯಲ್ಲಿದ್ದಾನೆ. ತರಬೇತಿಯಲ್ಲಿ ಅಪಾಯವೇ ಇಲ್ಲ ಅಂತ ನಾನು ಹೇಳಲಾರೆ. ಆದರೆ 1965ರ ಸೀಟಿಗೂ ಇವತ್ತಿನ ಸೀಟಿಗೂ ಅಜಗಜಾಂತರ. ಆಗ ಸೀಟು ಸಮೇತ ಹೊರಗೆ ಹಾರಲು ವಿಮಾನಕ್ಕೆ ಒಂದಿಷ್ಟು ಎತ್ತರ, ವೇಗ ಬೇಕಿತ್ತು. ಹಾಕ್‌ನ ಸೀಟು ವಿಮಾನ ನೆಲದ ಮೇಲೆ ನಿಂತಿದ್ದರೂ ಪೈಲಟ್‌ನನ್ನು ಮೇಲಕ್ಕೆ ಎಸೆದು ಪ್ಯಾರಾಚೂಟ್ ಬಿಚ್ಚುತ್ತದೆ. ಬೆನ್ನಿಗೆ ಪೆಟ್ಟಾಗುವ ಸಾಧ್ಯತೆ ಈಗಲೂ ಇದೆ. ಎಷ್ಟೋ ಪೈಲಟ್‌ಗಳು ಚೇತರಿಸಿಕೊಂಡು ಮತ್ತೆ ಹಾರಿದ್ದಾರೆ. ಅವನನ್ನು ವಾಪಸ್ ಕರೆಸಬೇಕಾ ಅನ್ನುವುದನ್ನು ಅವನಿಗೇ ಬಿಡಿ. ಮನೆಯವರ ಭಯ ತಲೆಯಲ್ಲಿಟ್ಟುಕೊಂಡು ಕಾಕ್‌ಪಿಟ್‌ನಲ್ಲಿ ಕೂರುವ ಹುಡುಗನ ಬಗ್ಗೆ ನನಗೆ ಜಾಸ್ತಿ ಚಿಂತೆ. ಒತ್ತಾಯದ ಫೋನ್ ಮಾತ್ರ ಬೇಡ.

ನೀವು ಮಾಡಬಹುದಾದ ಕೆಲಸ ಸಣ್ಣದು. ನಾಮಿನೇಷನ್ ಕಾಗದ ಸರಿಯಾಗಿದೆಯಾ ಅಂತ ಅವನನ್ನು ಕೇಳಿ. ಅವನ ಯೂನಿಫಾರ್ಮ್ ಫೋಟೊ, ಎಲ್ಲಿದ್ದಾನೆ, ಯಾವ ವಿಮಾನ ಅನ್ನುವುದನ್ನು ಫೇಸ್‌ಬುಕ್‌ನಲ್ಲಿ ಹಾಕಬೇಡಿ, ನೆಂಟರಿಗೂ ಹೇಳಿ. 2019ರಲ್ಲಿ ಅಭಿನಂದನ್ ಅಲ್ಲಿ ಕೂತು 'ಅದನ್ನು ಹೇಳುವ ಹಾಗಿಲ್ಲ' ಅನ್ನುತ್ತಿದ್ದರು. ಇಲ್ಲಿ ನಮ್ಮವರೇ ಅವರ ಮನೆತನದ ವಿವರವನ್ನೆಲ್ಲ ಬಯಲಿಗೆ ಹಾಕಿದರು. ಅದನ್ನು ನೋಡಿ ನನಗೆ ಆ ದಿನ ಊಟ ಸೇರಲಿಲ್ಲ.

ಅತ್ತೆಯವರಿಗೆ ಆ ವಿಡಿಯೊ ಸುಳ್ಳು ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸಬೇಡಿ. ಅವರು ನಂಬುವುದಿಲ್ಲ. ದೇವಯ್ಯನವರ ಕಥೆಯ ಎರಡನೇ ಅರ್ಧ, ಅಂದರೆ ಅವರು ಹೇಗೆ ಹೋರಾಡಿದರು, 1988ರಲ್ಲಿ ಏನಾಯಿತು ಅನ್ನುವುದು, ಅವರಿಗೆ ಪೂರ್ತಿ ಗೊತ್ತಿದೆಯಾ ಕೇಳಿ. ಗೊತ್ತಿಲ್ಲದಿದ್ದರೆ ಕೂತು ಹೇಳಿ. ಮುಂದಿನ ಸಲ ಮಗ ರಜೆಗೆ ಬಂದಾಗ ಆ ಸೀಟಿನ ಬಗ್ಗೆ ಅಜ್ಜಿಗೆ ಅವನೇ ವಿವರಿಸಲಿ. ಮೊಣಕಾಲುಗಳ ನಡುವೆ ಹಳದಿ-ಕಪ್ಪು ಪಟ್ಟೆಯ ಒಂದು ಹಿಡಿ ಇರುತ್ತದೆ. ಅದನ್ನು ಯಾವಾಗ ಎಳೆಯಬೇಕು, ಎಳೆದ ಮೇಲೆ ಏನೇನಾಗುತ್ತದೆ ಅಂತ ಒಂದು ಕುರ್ಚಿಯ ಮೇಲೆ ಕೂತು ತೋರಿಸಲಿ. ಅಜ್ಜಿ ಎಷ್ಟು ಪ್ರಶ್ನೆ ಕೇಳಿದರೂ ಅವಸರ ಮಾಡಬೇಡ ಅಂತ ಅವನಿಗೆ ನಾನು ಹೇಳಿದೆ ಅಂತ ಹೇಳಿ.